ಗೊಣಗಾಟ ಬರೆದು ಕಳಿಸು

ಅಕ್ಟೋಬರ್ 3

ಪ್ರೀತಿಯ ಗುಬ್ಬಿ,

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ನಿನ್ನ ಅಮ್ಮ ಚೆನ್ನಾಗಿದ್ದಾರೆ, ನಿನ್ನ ಅಣ್ಣ ಚೆನ್ನಾಗಿದ್ದಾರೆ, ಕೆಳಗಿನ ಮನೆಯಲ್ಲಿರುವ ನಿನ್ನ ತಮ್ಮ ಮತ್ತು ಅವನ ಹೆಂಡತಿ ನಮಗಿಂತ ಚೆನ್ನಾಗಿದ್ದಾರೆ. ಕೆಟ್ಟಿರುವುದು ನನ್ನ ತಲೆಯೊಂದೇ. ಫೋನಿನಲ್ಲಿ ಹೇಳೋಣವೆಂದರೆ ಅದು ಇರುವುದು ನಡುಮನೆಯಲ್ಲಿ, ಅತ್ತೆಯ ಕುರ್ಚಿಯ ಪಕ್ಕ. ನಮ್ಮ ಮನೆಯ ಗೋಡೆಗೆ ಕಿವಿ ಇರುವುದು ಹಾಗಿರಲಿ, ಬಾಯಿಯೂ ಇದೆ. ಅದಕ್ಕೇ ಕನ್ನಡಕದ ಅಂಗಡಿಯಲ್ಲಿ, ಗಿರಾಕಿ ಇಲ್ಲದ ಹೊತ್ತು ನೋಡಿ ಬರೆಯುತ್ತಿದ್ದೇನೆ. ನೀನೂ ಉತ್ತರವನ್ನು ಅಂಗಡಿಯ ವಿಳಾಸಕ್ಕೇ ಹಾಕು.

ವರ್ಷದ ಕೊನೆಯ ರಜೆ ಹತ್ತಿರ ಬಂತು. ಎಲ್ಲರೂ ಎಲ್ಲರಿಗೂ ಉಡುಗೊರೆ ಕೊಡಬೇಕು, ಆದರೆ ಎಲ್ಲರ ಪರವಾಗಿ ಅಂಗಡಿ ಸುತ್ತುವವಳು ನಾನೊಬ್ಬಳೇ. ಹೋದ ವರ್ಷದ್ದು ನಿನಗೆ ಗೊತ್ತಿಲ್ಲ. ಅತ್ತೆಗೆ ನಾನು ಒಂದು ಫ್ಲಾಸ್ಕ್ ತಂದೆ, ವಾರಗಿತ್ತಿಯೂ ಒಂದು ಫ್ಲಾಸ್ಕ್ ತಂದಳು. ಹುಟ್ಟಿದಾಗಿನಿಂದ ಯಾರಿಗೂ ಏನೂ ತಾರದ ನಿನ್ನ ಅಣ್ಣನಿಗೂ ಆ ವರ್ಷವೇ ಬುದ್ಧಿ ಬಂದು ಅವರೂ ಒಂದು ಫ್ಲಾಸ್ಕ್ ತಂದರು. ಮೂರೂ ಕಪಾಟಿನಲ್ಲಿ ಸಾಲಾಗಿ ಕೂತಿವೆ. ಅತ್ತೆ ಇವತ್ತಿಗೂ ಹಳೆಯ ತಂಬಿಗೆಯಿಂದಲೇ ಬಿಸಿನೀರು ಬಗ್ಗಿಸಿಕೊಂಡು ನಮ್ಮ ಮುಖ ನೋಡುತ್ತಾರೆ. ವಾರಗಿತ್ತಿಗೆ ಕೊಟ್ಟ ನೀಲಿ ಸ್ಕಾರ್ಫಿನಲ್ಲಿ ಅವಳ ಗಂಡ ವ್ಯಾನಿನ ಗಾಜು ಒರೆಸುತ್ತಾನೆ. ಇನ್ನು ನಿನ್ನ ಅಣ್ಣನನ್ನು ಪೇಟೆಗೆ ಕರೆದುಕೊಂಡು ಹೋದರೆ ಅಂಗಡಿಯ ಹೊರಗೇ ನಿಂತು, ನಾನು ತಲೆ ಹೊರಗೆ ಹಾಕಿದಾಗಲೆಲ್ಲ "ಆಯ್ತಾ?" ಅನ್ನುತ್ತಾರೆ.

ದಿನವಿಡೀ ನಿಂತು ಕೆಲಸ ಮಾಡಿ, ಸಂಜೆ ಮತ್ತೆ ನೂಕುನುಗ್ಗಲಿನಲ್ಲಿ ನಿಂತು, ಕೊನೆಗೆ ಯಾರ ಮುಖದಲ್ಲೂ ಒಂದು ನಗು ಕಾಣದಿದ್ದರೆ ಅಳು ಬರುತ್ತದೆ. ನಾವಿಬ್ಬರೂ ಒಂದೇ ವಯಸ್ಸಿನವರೆಂದು ಮದುವೆಯ ದಿನವೇ ನೀವು-ಗೀವು ಬಿಟ್ಟವರು, ಅದಕ್ಕೇ ಸಂಕೋಚವಿಲ್ಲದೆ ಕೇಳುತ್ತಿದ್ದೇನೆ. ನೀನು ದೊಡ್ಡ ಅಂಗಡಿಯ ಉಡುಗೊರೆ ವಿಭಾಗದವಳು. ಊರಿನವರಿಗೆಲ್ಲ ದಾರಿ ತೋರಿಸುವವಳು ನಿನ್ನ ಅತ್ತಿಗೆಗೂ ಒಂದು ದಾರಿ ತೋರಿಸು.

ನಿನ್ನ ಅತ್ತಿಗೆ

*

ಅಕ್ಟೋಬರ್ 11

ಅತ್ತಿಗೆ,

ಮೂರು ಫ್ಲಾಸ್ಕ್ ಕಥೆಯನ್ನು ಊಟದ ಬಿಡುವಿನಲ್ಲಿ ನಮ್ಮವರಿಗೆಲ್ಲ ಓದಿ ಹೇಳಿದೆ. ಕಾಗದ ಸುತ್ತುವ ಹುಡುಗಿಯರು ಬಿದ್ದು ಬಿದ್ದು ನಕ್ಕರು. ನಮ್ಮಲ್ಲಿಗೆ ಬರುವವರಲ್ಲಿ ಅರ್ಧ ಜನ ನಿನ್ನಂಥವರೇ. ಕೌಂಟರಿಗೆ ಒರಗಿ ನಿಂತು, ಅಮ್ಮನಿಗೆ ಏನು ಇಷ್ಟವೋ ಗೊತ್ತಿಲ್ಲ ಅನ್ನುತ್ತಾರೆ. ಹೆತ್ತು ಸಾಕಿದ ಅಮ್ಮ ಕಣೇ.

ನಾನು ಅವರಿಗೆಲ್ಲ ಹೇಳುವುದು ಒಂದೇ ಮಾತು. ಏನು ಇಷ್ಟ ಅಂತ ಯೋಚಿಸಬೇಡಿ, ಏನು ಬೇಕು ಅಂತ ಅವರನ್ನು ಕೇಳಲೂಬೇಡಿ. ಕೇಳಿದರೆ "ನನಗೇನೂ ಬೇಡ" ಅಂತಲೇ ಹೇಳುತ್ತಾರೆ. ಅವರು ದಿನಾ ಯಾವುದಕ್ಕೆ ಗೊಣಗುತ್ತಾರೆ ನೆನಪು ಮಾಡಿಕೊಳ್ಳಿ. ಉಡುಗೊರೆ ಇರುವುದೇ ಆ ಗೊಣಗಾಟದಲ್ಲಿ. ಒಬ್ಬ ಮುದುಕರು ಹೆಂಡತಿ ಯಾವಾಗಲೂ ಬೀಗದ ಕೈ ಹುಡುಕುತ್ತಾಳೆ ಅಂದರು. ಬಾಗಿಲ ಪಕ್ಕ ಹೊಡೆಯುವ ಒಂದು ಚಂದದ ಕೊಕ್ಕೆ ಕೊಟ್ಟು ಕಳಿಸಿದೆ. ಆ ಹೆಂಗಸು ಮರುವಾರ ತಾನೇ ಬಂದು ನನ್ನ ಕೈ ಹಿಡಿದುಕೊಂಡರು.

ಆದ್ದರಿಂದ ಈ ವರ್ಷ ನೀನು ಪೇಟೆಗೆ ಕಾಲಿಡಬೇಡ. ಮನೆಯಲ್ಲಿ ಯಾರು ಯಾರು ಏನೇನು ಗೊಣಗುತ್ತಾರೆ, ಬರೆದು ಕಳಿಸು. ಉಳಿದದ್ದು ನನಗೆ ಬಿಡು. ನಾನೇ ಆರಿಸಿ, ನಾನೇ ಸುತ್ತಿ, ಒಂದೇ ಪೆಟ್ಟಿಗೆಯಲ್ಲಿ ಕಳಿಸುತ್ತೇನೆ. ನಿನಗೆ ಸಿಗುವ ಸಂಜೆಗಳಲ್ಲಿ ಕಾಲು ಚಾಚಿ ಕೂತುಕೋ.

ನಿನ್ನ ಗುಬ್ಬಿ

*

ಅಕ್ಟೋಬರ್ 18

ಪ್ರೀತಿಯ ಗುಬ್ಬಿ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಈ ವಾರವೆಲ್ಲ ಮನೆಯಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡು ಓಡಾಡಿದೆ. ಮೊದಲೆಲ್ಲ ಗೊಣಗಾಟ ಕೇಳಿದರೆ ಮೈ ಉರಿಯುತ್ತಿತ್ತು, ಈಗ ಯಾರಾದರೂ ಶುರು ಮಾಡಿದರೆ ಖುಷಿಯಾಗುತ್ತದೆ.

ಅತ್ತೆ ಕುರ್ಚಿಯಲ್ಲಿ ಕೂತರೆ ಪಾದ ನೆಲಕ್ಕೆ ಮುಟ್ಟುವುದಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನಿದನ್ನು ನೋಡಿಯೇ ಇರಲಿಲ್ಲ. ಮಂಡಿ ನೋವು ಅನ್ನುತ್ತಾರಲ್ಲ, ಅರ್ಧ ನೋವು ಕಾಲು ತೂಗಾಡುವುದರದ್ದೇ ಇರಬೇಕು. ಮೈದುನ ವ್ಯಾನು ಓಡಿಸಿ ಓಡಿಸಿ ಸೊಂಟ ಹಿಡಿದುಕೊಂಡು ಇಳಿಯುತ್ತಾನೆ. ವಾರಗಿತ್ತಿಗೆ ಕನ್ನಡಿ ಇರುವಲ್ಲಿ ಬೆಳಕಿಲ್ಲ, ಬೆಳಕಿರುವಲ್ಲಿ ಗೋಡೆಯಿಲ್ಲ. ನಿನ್ನ ಅಣ್ಣನ ಬಾಟಲಿ ಕಾರ್ಖಾನೆಯಲ್ಲಿ ಅವರ ಪೆನ್ನು ಇಸಕೊಂಡವರು ಯಾರೂ ವಾಪಸು ಕೊಡುವುದಿಲ್ಲವಂತೆ. ದಿನಾ ರಾತ್ರಿ ಊಟಕ್ಕೆ ಕೂತಾಗ ಅದೊಂದು ಪುರಾಣ.

ಎಲ್ಲರ ಮೇಲೂ ಒಂಥರಾ ಪ್ರೀತಿ ಬಂದುಬಿಟ್ಟಿದೆ ನೋಡು.

ಅತ್ತಿಗೆ

*

ಅಕ್ಟೋಬರ್ 25

ಅತ್ತಿಗೆ,

ಅಮ್ಮನಿಗೆ ಕಾಲಿಡುವ ಮಣೆ, ಮೇಲೆ ಮೆತ್ತೆ ಹೊಲಿದದ್ದು. ತಮ್ಮನಿಗೆ ಸೊಂಟಕ್ಕೆ ದಿಂಬು. ಅವನ ಹೆಂಡತಿಗೆ ದೀಪವಿರುವ ಕೈಗನ್ನಡಿ. ಅಣ್ಣನಿಗೆ ಜೇಬಿಗೆ ದಾರ ಕಟ್ಟಿದ ಪೆನ್ನು, ಕದ್ದವನು ಅಣ್ಣನನ್ನೂ ಹೊತ್ತುಕೊಂಡು ಹೋಗಬೇಕು. ಎಲ್ಲವೂ ಆರಿಸಿ ಆಯಿತು, ಸುತ್ತುವುದೊಂದೇ ಬಾಕಿ.

ಆದರೆ ನಿನ್ನ ಕಾಗದದಲ್ಲಿ ಒಬ್ಬಳ ಗೊಣಗಾಟ ಬಿಟ್ಟುಹೋಗಿದೆ. ನಿನ್ನದೇ. ನಿನಗೆ ನಾನು ಏನು ಸುತ್ತಲಿ? "ನನಗೇನೂ ಬೇಡ" ಅಂದರೆ ನಾನು ಕೇಳುವವಳಲ್ಲ. ಬಾಯಿ ಬಿಡು.

ಗುಬ್ಬಿ

*

ನವೆಂಬರ್ 1

ಪ್ರೀತಿಯ ಗುಬ್ಬಿ,

ನನಗೇನೂ ಬೇಡ ಅಂತಲೇ ಬರೆದಿದ್ದೆ. ಆಮೇಲೆ ನಗು ಬಂದು ಹರಿದು ಹಾಕಿದೆ.

ಸರಿ, ಕೇಳು. ಬೆಳಗ್ಗೆ ಎಲ್ಲರಿಗೂ ಕಾಫಿ ಮಾಡಿ ಕೊಟ್ಟು ನನ್ನ ಲೋಟ ಹಿಡಿಯುವ ಹೊತ್ತಿಗೆ ಅದು ಆರಿ ಕೆನೆ ಕಟ್ಟಿರುತ್ತದೆ. ಒಂದು ದಿನವಾದರೂ ಯಾರಾದರೂ ನನಗೆ ಬಿಸಿ ಕಾಫಿ ಕೊಡಲಿ ಅನ್ನಿಸುತ್ತದೆ. ಸಣ್ಣ ಸಣ್ಣ ಸ್ಕ್ರೂ ನೋಡಿ ನೋಡಿ ಸಂಜೆ ಕಣ್ಣು ಉರಿಯುತ್ತಿರುತ್ತದೆ. ಕಣ್ಣು ನೋಯುತ್ತಿದೆಯಾ ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಮನೆಗೆ ಬಂದವರ ಮುಂದೆ ಅತ್ತೆ ನನ್ನ ಕೆಲಸವನ್ನು "ಗಾಜು ಒರೆಸೋ ಕೆಲಸ" ಅನ್ನುತ್ತಾರೆ. ಅಲ್ಲಿ ನಗುತ್ತೇನೆ, ಅಡುಗೆಮನೆಗೆ ಬಂದು ಪಾತ್ರೆ ಕುಕ್ಕುತ್ತೇನೆ. ಇದನ್ನೆಲ್ಲ ಯಾವ ಅಂಗಡಿಯಲ್ಲಿ ಸುತ್ತಿ ಕೊಡುತ್ತಾರೆ ಹೇಳು?

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆಯುತ್ತೇನೆ. ಯಾರಿಗೂ ಹೇಳಿಲ್ಲ. ನಾನು ಅಂಗಡಿಯಲ್ಲಿ ಮಾಡುವುದು ಬೇರೆಯವರು ತಯಾರಿಸಿದ ಗಾಜನ್ನು ಚೌಕಟ್ಟಿಗೆ ಕೂರಿಸುವ ಕೆಲಸ. ಗಾಜಿಗೇ ಸಾಣೆ ಹಿಡಿಯುವುದನ್ನು ಕಲಿಯಬೇಕೆಂದು ಎಷ್ಟೋ ಕಾಲದ ಆಸೆ. ರೈಲಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿ ಒಂದು ಕಾರ್ಯಾಗಾರವಿದೆ. ಹೋದ ತಿಂಗಳು ಸಂಬಂಧಿಕರ ಮನೆಗೆಂದು ಸುಳ್ಳು ಹೇಳಿ ಅಲ್ಲಿಗೆ ಹೋಗಿ ಪರೀಕ್ಷೆ ಕೊಟ್ಟು ಬಂದೆ. ಅಲ್ಲಿಯ ಹಿರಿಯ ಕೆಲಸಗಾರರೊಬ್ಬರು ನನ್ನನ್ನು ಮೇಜಿನ ಮುಂದೆ ಕೂರಿಸಿ, ಕಿಟಕಿ ಎಡಕ್ಕೆ ಬರಬೇಕು, ಬೆಳಕು ಗಾಜಿನ ಮೇಲೆ ಬೀಳಬೇಕು, ಕೈಮೇಲಲ್ಲ ಅಂದರು. ಆ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಈಗ ಅವರಿಂದ ಕಾಗದ ಬಂದಿದೆ, ನನ್ನನ್ನು ಆರಿಸಿದ್ದಾರೆ. ಒಂದು ವರ್ಷ ಅಲ್ಲೇ ಇದ್ದು ಕಲಿಯಬೇಕು. ಡಿಸೆಂಬರ್ ಮಧ್ಯದೊಳಗೆ ಬರುತ್ತೇನೋ ಇಲ್ಲವೋ ತಿಳಿಸಬೇಕು, ಫೆಬ್ರವರಿಗೆ ಹೊರಡಬೇಕು.

ಬರುತ್ತೇನೆಂದು ಬರೆದು, ರಜೆ ಮುಗಿದ ಮೇಲೆ ಮನೆಯಲ್ಲಿ ಹೇಳುವುದೆಂದು ತೀರ್ಮಾನಿಸಿದ್ದೇನೆ. ಜಗಳವಾಗುತ್ತದೆ, ಆಗಲಿ. ನಿನ್ನ ಅಣ್ಣ ಕೂಗಿದರೆ ನನಗೂ ಕೂಗಲು ಬರುತ್ತದೆ. ಎದುರುಬದುರು ನಿಂತು ಹೇಳಿದರೆ ಅವರು ಕೊನೆಗೆ ಒಪ್ಪುತ್ತಾರೆಂದು ನನಗೆ ನಂಬಿಕೆಯಿದೆ. ಅಲ್ಲಿಯವರೆಗೆ ಇದನ್ನು ಹೊಟ್ಟೆಯಲ್ಲಿಟ್ಟುಕೋ. ಇಷ್ಟು ದಿನ ಒಬ್ಬಳೇ ಹೊತ್ತಿದ್ದೆ, ನಿನಗೆ ಹೇಳಿ ಎದೆ ಹಗುರವಾಯಿತು.

ನಿನ್ನ ಅತ್ತಿಗೆ

*

ನವೆಂಬರ್ 24

ಅತ್ತಿಗೆ,

ತಡವಾಯಿತು, ಕ್ಷಮಿಸು. ಇಲ್ಲಿ ಉಸಿರಾಡಲು ಬಿಡುವಿಲ್ಲ. ಬಂಗಾರದ ಬಣ್ಣದ ಕಾಗದ ಮುಗಿದುಹೋಗಿ ಮ್ಯಾನೇಜರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ. ನಿನ್ನೆ ಒಬ್ಬರು ಸೈಕಲ್ ತಂದು, ಸೈಕಲ್ ಅಂತ ಗೊತ್ತಾಗದ ಹಾಗೆ ಸುತ್ತಿಕೊಡಿ ಅಂದರು. ಚಕ್ರ ಚಕ್ರದ ಹಾಗೆ, ಹ್ಯಾಂಡಲ್ ಹ್ಯಾಂಡಲಿನ ಹಾಗೇ ಕಾಣುತ್ತಿತ್ತು. ಆದರೂ ಮನುಷ್ಯ ಖುಷಿಯಾಗಿ ಹೋದರು.

ನಿನ್ನ ಕಾಗದ ಓದಿದೆ. ದೊಡ್ಡ ವಿಷಯ. ಕಾಗದದಲ್ಲಿ ಏನು ಬರೆಯುವುದೋ ತೋಚುತ್ತಿಲ್ಲ.

ಅಮ್ಮನ ಮಂಡಿ ಹೇಗಿದೆ? ರಾತ್ರಿ ಒಬ್ಬಳೇ ಎದ್ದು ಓಡಾಡುತ್ತಾಳಾ, ನೀನು ಏಳಬೇಕಾ? ನನ್ನ ಕೋಣೆಗೆ ಮೂರು ಮಹಡಿ ಹತ್ತಬೇಕು. ಲಿಫ್ಟ್ ಇಲ್ಲ, ನಿನಗೆ ಗೊತ್ತಲ್ಲ. ಅಡುಗೆಯೂ ಅಲ್ಲೇ, ಮಲಗುವುದೂ ಅಲ್ಲೇ. ಇಬ್ಬರು ನಿಂತರೆ ಒಬ್ಬರು ಗೋಡೆಗೆ ಅಂಟಬೇಕು.

ಪೆಟ್ಟಿಗೆ ಮುಂದಿನ ತಿಂಗಳು ಬರುತ್ತದೆ.

ಗುಬ್ಬಿ

*

ಡಿಸೆಂಬರ್ 1

ಪ್ರೀತಿಯ ಗುಬ್ಬಿ,

ಪಾಪ, ಎಷ್ಟು ದಣಿದಿದ್ದೀಯ. ಅಮ್ಮನ ನೆನಪು ಕಾಡುತ್ತಿದೆ ಅಂತ ಕಾಗದದಲ್ಲೇ ಗೊತ್ತಾಗುತ್ತದೆ. ಮಂಡಿ ಹಾಗೇ ಇದೆ, ರಾತ್ರಿ ಒಂದು ಸಲ ನಾನು ಎದ್ದು ಕೈ ಹಿಡಿಯುತ್ತೇನೆ, ಅಷ್ಟೇ. ಈ ವರ್ಷ ಅವರನ್ನು ನಿನ್ನ ಹತ್ತಿರ ಕಳಿಸಿಕೊಡೋಣವೆಂದರೆ ಆ ಮೆಟ್ಟಿಲು ಹತ್ತಲಾರರು, ಬೇಜಾರು ಮಾಡಿಕೊಳ್ಳಬೇಡ.

ಇಲ್ಲಿ ಒಂದು ಪವಾಡ ನಡೆದಿದೆ. ನಗಬೇಡ. ಹದಿನೈದು ದಿನದ ಹಿಂದೆ ಬೆಳಗ್ಗೆ ಏಳುತ್ತೇನೆ, ಅಡುಗೆಮನೆಯಲ್ಲಿ ದೀಪ ಉರಿಯುತ್ತಿದೆ. ನಿನ್ನ ಅಣ್ಣ ಹಾಲು ಉಕ್ಕಿಸಿ ಒಲೆ ಒರೆಸುತ್ತಾ ನಿಂತಿದ್ದಾರೆ. ಹೊಗೆಯಾಡುವ ಲೋಟ ಕೈಗೆ ಕೊಟ್ಟರು. ಸಕ್ಕರೆ ಮರೆತಿದ್ದರು, ನಾನು ಹೇಳಲಿಲ್ಲ. ಒಂದು ದಿನದ ಹುರುಪು ಅಂದುಕೊಂಡೆ, ಆದರೆ ಅವತ್ತಿನಿಂದ ದಿನವೂ ಮಾಡುತ್ತಿದ್ದಾರೆ. ಹೋದ ವಾರ ಸಂಜೆ ಚಪ್ಪಲಿ ಬಿಡುತ್ತಿದ್ದೆ, "ಕಣ್ಣು ಉರೀತಿದೆಯಾ?" ಅಂದರು. ಯಾವ ಕಣ್ಣು ಅಂತ ಕೇಳಿಬಿಟ್ಟೆ, ಅಷ್ಟು ಗಾಬರಿಯಾಗಿತ್ತು. ಮೊನ್ನೆ ಪಕ್ಕದ ಮನೆಯಾಕೆ ಬಂದಿದ್ದಾಗ ಅತ್ತೆ ನನ್ನನ್ನು ತೋರಿಸಿ "ಇವಳ ಕೈಯಿಂದ ಎಷ್ಟು ಜನಕ್ಕೆ ಕಣ್ಣು ಕಾಣಿಸ್ತಿದೆ ಗೊತ್ತಾ" ಅಂದರು. ನಾನು ಸ್ನಾನದ ಮನೆಗೆ ಹೋಗಿ ಅತ್ತುಬಿಟ್ಟೆ.

ಇದೆಲ್ಲ ನಿನ್ನ ಉಪಾಯದ ಮಹಿಮೆ. ಪ್ರತಿ ವರ್ಷ ಈ ಹೊತ್ತಿಗೆ ಚೀಲ ಹೊತ್ತು ಸುತ್ತಿ, ಮನೆಗೆ ಬಂದು ಎಲ್ಲರ ಮೇಲೆ ಹರಿಹಾಯುತ್ತಿದ್ದೆ. ಈ ವರ್ಷ ನಾನು ಸಮಾಧಾನವಾಗಿದ್ದೇನೆ, ಅದಕ್ಕೇ ಅವರೂ ಹಾಗಿದ್ದಾರೆ. ನಾನು ನಕ್ಕರೆ ಮನೆಯೂ ನಗುತ್ತದೆಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಈಗ ಇನ್ನೊಂದು ತೊಳಲಾಟ ಶುರುವಾಗಿದೆ. ಇಂಥವರನ್ನು ಒಂದು ವರ್ಷ ಬಿಟ್ಟು ಹೋಗಲಾ? ಬಿಟ್ಟುಹೋಗಬೇಕು ಅನ್ನಿಸಿದ್ದು ಸಾಣೆ ಹಿಡಿಯುವ ಆಸೆಗೋ, ಆರಿದ ಕಾಫಿಗೋ? ನೀನಾದರೆ ಏನು ಮಾಡುತ್ತಿದ್ದೆ? ನಿಜ ಹೇಳು. ನಿನ್ನ ಮಾತಿಗೆ ಕಾಯುತ್ತಿರುತ್ತೇನೆ.

ಅತ್ತಿಗೆ

*

ಡಿಸೆಂಬರ್ 8

ಅತ್ತಿಗೆ,

ಪೆಟ್ಟಿಗೆ ಹೊರಟಿದೆ. ರಜೆಯ ದಿನದವರೆಗೆ ಬಿಚ್ಚಬೇಡ.

ನೀನು ಕೇಳಿದ್ದಕ್ಕೆ ನಾನೇನು ಹೇಳಲಿ. ನಿನ್ನ ಮನಸ್ಸಿಗೆ ತೋಚಿದ ಹಾಗೆ ಮಾಡು. ಮನೆಯಲ್ಲಿ ಎಲ್ಲರೂ ನಗುನಗುತ್ತಾ ಇದ್ದಾರೆಂದು ಓದಿ ಸಂತೋಷವಾಯಿತು.

ಗುಬ್ಬಿ

*

ಡಿಸೆಂಬರ್ 13

ಪ್ರೀತಿಯ ಗುಬ್ಬಿ,

ಬರುವುದಿಲ್ಲವೆಂದು ಕಾರ್ಯಾಗಾರಕ್ಕೆ ಬರೆದು ಹಾಕಿದೆ. ಅಂಚೆ ಡಬ್ಬಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಆಮೇಲೆ ಮನೆಗೆ ಬಂದರೆ ನಿನ್ನ ಅಣ್ಣ ನನಗಾಗಿ ಊಟಕ್ಕೆ ಕಾಯುತ್ತಾ ಕೂತಿದ್ದರು. ಸರಿಯಾದದ್ದನ್ನೇ ಮಾಡಿದೆ ಅನ್ನಿಸಿತು.

ಇದು ನಿನಗೊಬ್ಬಳಿಗೇ ಗೊತ್ತು. ಹೋಗಬೇಕೆಂದಿದ್ದೆ, ನಿಮಗೋಸ್ಕರ ಬಿಟ್ಟೆ ಅಂತ ಅವರಿಗೆ ಹೇಳುವುದಿಲ್ಲ. ಹೇಳಿದರೆ ಋಣ ಹೊರಿಸಿದ ಹಾಗಾಗುತ್ತದೆ. ಇದು ಈ ವರ್ಷ ನಾನು ಮನೆಗೆ ಕೊಡುವ ಉಡುಗೊರೆ ಅಂತ ಇಟ್ಟುಕೋ, ಸುತ್ತುವ ಕೆಲಸವೂ ಇಲ್ಲ.

ನಿನ್ನ ಅತ್ತಿಗೆ

*

ಡಿಸೆಂಬರ್ 29

ಗುಬ್ಬಿ,

ಉಡುಗೊರೆಗಳೆಲ್ಲ ಚೆನ್ನಾಗಿದ್ದವು. ಮೊದಲು ಅದನ್ನು ಹೇಳಿಬಿಡುತ್ತೇನೆ. ಊಟವಾದ ಮೇಲೆ ಎಲ್ಲರೂ ನಡುಮನೆಯಲ್ಲಿ ಕೂತೆವು. ನಿನ್ನ ಅಮ್ಮ ಮಣೆಯ ಮೇಲೆ ಪಾದವಿಟ್ಟು ಬಹಳ ಹೊತ್ತು ಪಾದಗಳನ್ನೇ ನೋಡುತ್ತಾ ಕೂತರು. ಮೈದುನ ದಿಂಬನ್ನು ಆಗಲೇ ವ್ಯಾನಿಗೆ ಕೊಂಡುಹೋಗಿ ಕೂತು ನೋಡಿ ಬಂದ.

ಆಮೇಲೆ ಅಣ್ಣತಮ್ಮಂದಿರು ಕಣ್ಸನ್ನೆ ಮಾಡಿಕೊಂಡು ಕೆಳಗೆ ಹೋಗಿ, ಇಬ್ಬರೂ ಸೇರಿ ಒಂದು ದೊಡ್ಡ ಕಟ್ಟು ಹೊತ್ತು ತಂದರು. ನಿನ್ನ ಕೈಯ ಮಡಿಕೆಗಳು, ನಿನ್ನ ಗಂಟು. ಬಿಚ್ಚಿದರೆ ಒಂದು ಮೇಜು. ಅಂಚಿಗೆ ಬಗ್ಗಿಸಬಹುದಾದ ದೀಪ, ಕೈಯಲ್ಲಿ ತಿರುಗಿಸುವ ಒಂದು ಪುಟ್ಟ ಸಾಣೆಚಕ್ರ. ನಿಜ ಹೇಳುತ್ತೇನೆ, ಮೊದಲು ನನಗೆ ಸಂತೋಷವೇ ಆಯಿತು. ನನ್ನ ಮನಸ್ಸು ಇವರಿಗೆ ಹೇಗೆ ಗೊತ್ತಾಯಿತು ಅಂತ ಮೈ ಜುಮ್ಮೆಂದಿತು. ನಿನ್ನ ಅಣ್ಣ ಮೇಜನ್ನು ಕಿಟಕಿಯ ಹತ್ತಿರ ಎಳೆದು, ಬಹಳ ಹೆಮ್ಮೆಯಿಂದ ಹೇಳಿದರು:

"ಕಿಟಕಿ ಎಡಕ್ಕೆ ಬರಬೇಕು. ಬೆಳಕು ಗಾಜಿನ ಮೇಲೆ ಬೀಳ್ಬೇಕು, ಕೈಮೇಲಲ್ಲ."

ಆ ಮಾತನ್ನು ನಾನು ಒಬ್ಬಳಿಗೆ ಮಾತ್ರ ಬರೆದಿದ್ದೆ.

ಯಾರು ಹೇಳಿದರು ಅಂತ ಕೇಳಿದೆ. ಅವರಿಗೆ ನನ್ನ ದನಿಯಲ್ಲಿ ಏನೂ ಗೊತ್ತಾಗಲಿಲ್ಲ, ನಗುತ್ತಲೇ ಉತ್ತರ ಕೊಟ್ಟರು. "ಗುಬ್ಬಿ ಹೇಳಿದ್ಲು. ನೀನು ಹೋಗಲ್ಲ ಅಂತ ಬರೆದಿದ್ದನ್ನೂ ತಿಳಿಸಿದ್ಲು. ಅವತ್ತೇ ಇದನ್ನ ಕಳಿಸು ಅಂದೆ. ಆ ಊರಿಗೆ ಯಾಕೆ ಹೋಗ್ಬೇಕು, ಮನೇಲೇ ಕೂತು ಮಾಡು." ಅತ್ತೆ ಮಣೆಯ ಮೇಲಿಂದ ಪಾದ ತೆಗೆಯದೆ "ಜಗಳ ಇಲ್ದೆ ಮುಗೀತಲ್ಲ, ಅಷ್ಟು ಸಾಕು" ಅಂದರು.

ವಾರಗಿತ್ತಿ ತಲೆ ಎತ್ತಲಿಲ್ಲ. ಮರುದಿನ ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ಬಂದು ನಿಂತು ಎಲ್ಲ ಹೇಳಿದಳು. ನಾನು ವಾರದ ಸಂತೆಗೆ ಹೋಗುವ ಹೊತ್ತು ನೋಡಿ ನೀನು ಫೋನ್ ಮಾಡುತ್ತಿದ್ದೆಯಂತೆ. ಹೋಗಬೇಡ ಅನ್ನಬೇಡಿ, ಅಂದರೆ ಹಟ ಹಿಡಿಯುತ್ತಾಳೆ ಅಂದೆಯಂತೆ. ಮೊದಲು ಕಾಫಿ ಶುರು ಮಾಡು ಅಣ್ಣ, ಕಣ್ಣಿನ ವಿಷಯ ಆಮೇಲೆ, ಎಲ್ಲ ಒಟ್ಟಿಗೆ ಮಾಡಿದರೆ ಅನುಮಾನ ಬರುತ್ತದೆ ಅಂದೆಯಂತೆ. ಅತ್ತೆಗೆ ಯಾವ ಮಾತು ಆಡಬೇಕೆಂದೂ ನೀನೇ ಹೇಳಿಕೊಟ್ಟೆಯಂತೆ. ಪಕ್ಕದ ಮನೆಯಾಕೆ ಬಂದಾಗ ಅವರು ಹೇಳಿದ್ದು ನಿನ್ನ ವಾಕ್ಯ. ಅದಕ್ಕೆ ನಾನು ಸ್ನಾನದ ಮನೆಯಲ್ಲಿ ಅತ್ತಿದ್ದೆ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ನಾನು ಇಡೀ ಮನೆಯ ಗೊಣಗಾಟ ಬರೆದು ಕಳಿಸಿದೆ, ನೀನು ಅವರಿಗೆಲ್ಲ ಉಡುಗೊರೆ ಕಳಿಸಿದೆ. ನನ್ನ ಗೊಣಗಾಟ ಬರೆದಾಗ ನನ್ನನ್ನೇ ಸುತ್ತಿ ಅವರ ಕೈಗೆ ಕೊಟ್ಟೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ನನ್ನ ಆಸೆಯನ್ನು ಹೊರಗೆ ತೆಗೆದಿರಿ. ಇವರು ಕೂಗಾಡಿದ್ದರೆ ನಾನು ಗೆಲ್ಲುತ್ತಿದ್ದೆನೋ ಸೋಲುತ್ತಿದ್ದೆನೋ, ಆ ಸೋಲಾದರೂ ನನ್ನದಾಗಿರುತ್ತಿತ್ತು.

ಏನು ಮಾಡಲಿ, ನಿಜ ಹೇಳು ಅಂತ ನಾನು ಕೇಳಿದ್ದೆ. ನಿನ್ನ ಮನಸ್ಸಿಗೆ ತೋಚಿದ ಹಾಗೆ ಮಾಡು ಅಂತ ಬರೆದಿದ್ದೆಯಲ್ಲ, ಅದನ್ನು ಬರೆಯುವಾಗ ನಾಚಿಕೆಯಾಗಲಿಲ್ಲವಾ?

*

ಜನವರಿ 7

ಅತ್ತಿಗೆ,

ಆಯಿತು. ಅದಕ್ಕೇ ಅಷ್ಟು ಚಿಕ್ಕದಾಗಿ ಬರೆದೆ.

ಆದರೆ ನೀನು ಬರೆದ ಹಾಗೆ ಕೂತು ಹೊಂಚು ಹಾಕಿದ್ದಲ್ಲ. ನವೆಂಬರಿನಲ್ಲಿ ಅಣ್ಣನೇ ಫೋನ್ ಮಾಡಿದ. ನೀನು ಎಲ್ಲರಿಗೂ ಆರಿಸಿಕೊಡುತ್ತಿದ್ದೀಯಂತೆ, ನಿನ್ನ ಅತ್ತಿಗೆಗೆ ನಾನೇನು ಕೊಡಲಿ ಅಂತ ಕೇಳಿದ. ಹುಟ್ಟಿದಾಗಿನಿಂದ ಯಾರಿಗೂ ಏನೂ ತಾರದ ಅಣ್ಣ. ನಾನು ಕಾಫಿಯ ವಿಷಯ ಹೇಳಿದೆ, ಅದರಲ್ಲಿ ಮೋಸವೇನೂ ಇರಲಿಲ್ಲ. ಕಾರ್ಯಾಗಾರದ ಮಾತೂ ಬಾಯಿಗೆ ಬಂದುಬಿಟ್ಟಿತು. ಅವನು, ನಾಳೆಯೇ ಅವಳನ್ನು ಕೇಳುತ್ತೇನೆ ಅಂದ. ನಾನು ತಡೆದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಯೋಚಿಸಿದೆ. ನೀನೂ ಮನೆಯವರಿಗೆ ಸುಳ್ಳು ಹೇಳಿ ಪರೀಕ್ಷೆಗೆ ಹೋಗಿದ್ದವಳೇ, ನನ್ನೊಬ್ಬಳನ್ನೇ ಕಟಕಟೆಯಲ್ಲಿ ನಿಲ್ಲಿಸಬೇಡ.

ಹೀಗೆ ಬರೆದು ಎರಡು ದಿನ ಇಟ್ಟಿದ್ದೆ. ಇದು ಪೂರ್ತಿ ನಿಜವಲ್ಲ.

ಬಾಯಿಗೆ ಬಂದುಬಿಟ್ಟಿದ್ದಲ್ಲ. ನಾನೇ ಹೇಳಿದೆ. ನೀನು ಹೋದರೆ ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ? ತಮ್ಮನ ಹೆಂಡತಿ ಒಪ್ಪುವುದಿಲ್ಲ. ಅಣ್ಣ ಪಾಳಿಯ ಕೆಲಸದವನು. ಮದುವೆಯಾಗದವಳು ನಾನೊಬ್ಬಳಿದ್ದೇನಲ್ಲ, ನನ್ನನ್ನೇ ಕರೆಸುತ್ತಾರೆ. ಒಂದು ವರ್ಷ ಅನ್ನುತ್ತಾರೆ, ಬಂದರೆ ಆಯಿತು, ಮತ್ತೆ ಬಿಡುವುದಿಲ್ಲ. ಈ ಕೋಣೆ ಹಿಡಿದು ಬೀಗದ ಕೈ ಸೆರಗಿಗೆ ಕಟ್ಟಿಕೊಂಡ ದಿನ ನಾನು ಹೇಗೆ ಕುಣಿದಿದ್ದೆನೆಂದು ನಿನಗೊಬ್ಬಳಿಗೇ ಬರೆದಿದ್ದೆ. ಅದು ಹೋಗುತ್ತದೆಂದು ನಿದ್ದೆ ಬರಲಿಲ್ಲ. ನಿನ್ನ ಆಸೆ, ನನ್ನ ಕೋಣೆ, ಎರಡರಲ್ಲಿ ನನ್ನದನ್ನು ಉಳಿಸಿಕೊಂಡೆ. ಇದನ್ನು ನೇರವಾಗಿ ನಿನಗೇ ಬರೆಯಬಹುದಿತ್ತು. ಬರೆದಿದ್ದರೆ ನೀನು ಏನಾದರೂ ದಾರಿ ಹುಡುಕುತ್ತಿದ್ದೆ ಅಂತಲೂ ಗೊತ್ತಿತ್ತು. ಆದರೂ ಬರೆಯಲಿಲ್ಲ.

ಒಂದು ಮಾತು ಮಾತ್ರ ನಂಬು. ಶುರು ಮಾಡಿಸಿದ್ದು ನಾನು, ಆದರೆ ಅಣ್ಣ ದಿನಾ ಬೆಳಗ್ಗೆ ಎದ್ದದ್ದು ನಾಟಕಕ್ಕಲ್ಲ. ಎರಡನೆಯ ವಾರ ಅವನೇ ಫೋನಿನಲ್ಲಿ, ಇಷ್ಟು ವರ್ಷ ಯಾಕೆ ಮಾಡಲಿಲ್ಲವೋ ನನಗೇ ಗೊತ್ತಿಲ್ಲ ಅಂದ. ಅವನನ್ನು ದೂರ ಮಾಡಬೇಡ. ನನ್ನನ್ನು ಏನು ಬೇಕಾದರೂ ಮಾಡು.

ಗುಬ್ಬಿ

*

ಜನವರಿ 19

ಗುಬ್ಬಿ,

ಕಾರ್ಯಾಗಾರಕ್ಕೆ ನಾನೇ ಹೋಗಿ ಬಂದೆ. ಈ ಸಲ ಸುಳ್ಳು ಹೇಳಲಿಲ್ಲ. ಎಲ್ಲಿಗೆ ಹೋಗುತ್ತಿದ್ದೇನೆಂದು ನಡುಮನೆಯಲ್ಲಿ ನಿಂತು ಹೇಳಿಯೇ ಹೊರಟೆ, ಯಾರೂ ಬೇಡವೆನ್ನಲಿಲ್ಲ. ನನ್ನ ಜಾಗಕ್ಕೆ ಬೇರೆಯವಳನ್ನು ತೆಗೆದುಕೊಂಡಾಗಿದೆ. ಬಾಗಿಲಿನಿಂದ ಅವಳನ್ನು ನೋಡಿದೆ, ಚಿಕ್ಕವಳು, ತಲೆ ತಗ್ಗಿಸಿ ಕೂತಿದ್ದಳು. ಮುಂದೆ ಯಾವಾಗ ತೆಗೆದುಕೊಳ್ಳುತ್ತಾರೋ ಅವರಿಗೇ ಗೊತ್ತಿಲ್ಲ. ಹೆಸರು ಬರೆಸಿ ಬಂದಿದ್ದೇನೆ.

ನಿನ್ನ ಕೋಣೆಗಾಗಿ ಹೆದರಿದೆ ಎಂದು ಬರೆದಿದ್ದೀಯ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ನನಗೊಂದು ಕೋಣೆ ಇದ್ದಿದ್ದರೆ ನಾನೂ ಹೆದರುತ್ತಿದ್ದೆ. ಅತ್ತೆಗೆ ಹಗಲು ಒಬ್ಬ ಹೆಂಗಸನ್ನು ಗೊತ್ತು ಮಾಡುವುದೆಂದು ನಾನು ಅಕ್ಟೋಬರಿನಲ್ಲೇ ವಿಚಾರಿಸಿಟ್ಟಿದ್ದೆ. ನಿನ್ನನ್ನು ಕರೆಸುವ ಮಾತು ನನ್ನ ತಲೆಯಲ್ಲೇ ಇರಲಿಲ್ಲ. ನೀನು ಒಂದು ಸಾಲು ಬರೆದು ಕೇಳಿದ್ದರೆ ಹೇಳುತ್ತಿದ್ದೆ.

ಅಣ್ಣನನ್ನು ದೂರ ಮಾಡಬೇಡ ಅಂದೆ. ಮಾಡಿಲ್ಲ. ಒಂದೇ ಮನೆಯಲ್ಲಿದ್ದೇವೆ, ಮಾತಾಡುತ್ತೇವೆ. ಆ ಮೇಜಿನ ಮೇಲೆ ಈಗ ಮಡಿಸಿದ ಬಟ್ಟೆ ಇಡುತ್ತೇವೆ. ಅವರು ತಪ್ಪಾಯಿತು ಅಂದರು, ಕಣ್ಣಲ್ಲಿ ನೀರು ಹಾಕಿಕೊಂಡೇ ಅಂದರು. ಆ ಐದಾರು ವಾರ ನಾನು ಸುಖವಾಗಿದ್ದೆ ಗುಬ್ಬಿ. ಮದುವೆಯಾದ ಮೇಲೆ ಅಷ್ಟು ಸುಖವಾಗಿ ಇದ್ದದ್ದೇ ಇಲ್ಲ. ಜಾಗ ಹೋದದ್ದಕ್ಕೆ ನಿನ್ನನ್ನು ಎಂದಾದರೂ ಕ್ಷಮಿಸಿಯೇನು. ಆ ಸುಖಕ್ಕೆ ಕ್ಷಮಿಸಲಾರೆ.

ಯಾಕೆಂದರೆ, ನಿನ್ನೆ ಏನಾಯಿತೆಂದು ಕೇಳು. ಕೆಲಸದಿಂದ ಬಂದೆ. ನನ್ನ ಕೊಡೆಯ ಒಂದು ಕಡ್ಡಿ ಎಷ್ಟೋ ದಿನದಿಂದ ಮುರಿದು ನೇತಾಡುತ್ತಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಯಾವ ಕಾಗದದಲ್ಲೂ ಬರೆದಿರಲಿಲ್ಲ. ನಿನ್ನ ಅಣ್ಣ ಬಾಗಿಲ ಹತ್ತಿರ ನೆಲದ ಮೇಲೆ ಕೂತು, ತಂತಿ ಸುತ್ತಿ ಅದನ್ನು ಸರಿ ಮಾಡುತ್ತಿದ್ದರು. ಬೆರಳಿಗೆ ಚುಚ್ಚಿಕೊಂಡು ರಕ್ತ ಬಂದಿತ್ತು.

ನಾನು ಚೀಲವನ್ನೂ ಇಳಿಸದೆ, "ಯಾರು ಹೇಳಿಕೊಟ್ರು?" ಅಂತ ಕೇಳಿದೆ.

ಅವರು ತಲೆ ಎತ್ತಿ ನೋಡಿದರು. "ಯಾರೂ ಹೇಳಲಿಲ್ಲ. ಮುರಿದಿತ್ತು, ನೋಡ್ದೆ" ಅಂದರು.

ನಿಜವೇ ಇರಬಹುದು. ಆದರೆ ನಾನು ಅಲ್ಲೇ ನಿಂತು, ನೀನು ಈ ವಾರ ಯಾವಾಗ ಫೋನ್ ಮಾಡಿದ್ದೆ ಅಂತ ಲೆಕ್ಕ ಹಾಕುತ್ತಿದ್ದೆ. ಅವರು ಕೊಡೆಯನ್ನು ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚಿ ತೋರಿಸಿದರು.